ಗಾಜಿನ ಮೇಲೆ ಆಯಿಲ್

ಫೆಬ್ರವರಿ 3, ಸೋಮವಾರ

ಡೈರಿ ಬರೆಯುವ ಚಟ ನನಗಿಲ್ಲ. ಆದರೆ ನಾಳೆ ಮಾತಿಗೆ ಮಾತು ಬೆಳೆದಾಗ ನಾನು ಹಾಗೆ ಹೇಳಲೇ ಇಲ್ಲ, ಹೀಗೆ ಮಾಡಲೇ ಇಲ್ಲ ಎಂದು ಯಾರೂ ಜಾರಿಕೊಳ್ಳಬಾರದು. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೋಸ್ಕರ ಮಾತ್ರ.

ಕಳೆದ ಗುರುವಾರ ನಡೆದದ್ದು ಇಷ್ಟು. ಎಂದಿನಂತೆ ಡಾಕ್ಟರಮ್ಮನನ್ನು ಕೂರಿಸಿಕೊಂಡು ಸರೋವರದಾಚೆಯ ಆಸ್ಪತ್ರೆಗೆ ಹೊರಟಿದ್ದೆ. ಅಲ್ಲಿ ಖಾಯಂ ವೈದ್ಯರಿಲ್ಲ. ವಾರಕ್ಕೊಮ್ಮೆ ಈಕೆ ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮದು ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ನೀರಿನ ನಡುಮಧ್ಯಕ್ಕೆ ಬಂದಾಗ ಮುಂದಿನ ಗಾಜಿನ ಬುಡದಲ್ಲಿ ಒಂದು ಹನಿ ಕಂಡಿತು. ಮಳೆಹನಿ ಇರಬೇಕೆಂದುಕೊಂಡೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಆ ಹನಿ ಗಾಳಿಯ ರಭಸಕ್ಕೆ ಗಾಜಿನ ಮೇಲೆ ಹತ್ತುತ್ತಾ ಹೋಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ನೋಡನೋಡುತ್ತಿದ್ದಂತೆ ಇಡೀ ಗಾಜು ಕಂದಾಗಿ ಎದುರಿಗಿದ್ದ ಲೋಕವೇ ಮಾಯವಾಯಿತು. ಎಂಜಿನ್ ಆಯಿಲ್. ತಿರುಗಿಸಿಕೊಂಡು ಬಂದೆ. ಪಕ್ಕದ ಕಿಟಕಿಯಿಂದ ಕತ್ತು ಹೊರಳಿಸಿ ರನ್‌ವೇ ನೋಡುತ್ತಾ ಇಳಿಸಿದೆ. ಇಳಿದ ಮೇಲೆ ಡಾಕ್ಟರಮ್ಮ ನನ್ನ ಭುಜ ತಟ್ಟಿ ಏನೋ ಹೇಳಿದರು. ಏನೆಂದು ನೆನಪಿಲ್ಲ.

ಎಲ್ಲರೂ ಶಹಬ್ಬಾಸ್ ಎಂದರು. ಯಾರೂ ಕೇಳಬೇಕಾದ್ದನ್ನು ಕೇಳಲಿಲ್ಲ. ಈ ಎಂಜಿನ್ ಸರ್ವೀಸ್ ಆಗಿ ಎಷ್ಟು ದಿನವಾಗಿತ್ತು? ಇನ್ನೂ ಎರಡು ವಾರ ತುಂಬಿರಲಿಲ್ಲ. ಮಾಡಿದವನು ಯಾರು? ನನ್ನ ಬಾಮೈದ.

ಫೆಬ್ರವರಿ 4, ಮಂಗಳವಾರ

ಬಾಮೈದನ ಬಗ್ಗೆ ನ್ಯಾಯವಾಗಿಯೇ ಬರೆಯುತ್ತೇನೆ. ಕೈ ಚೊಕ್ಕ. ಮಾತು ಕಡಿಮೆ. ವಿಮಾನದ ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಆಮೆ ಎಂದೇ ಕರೆಯುವುದು. ಒಂದು ನಟ್ಟು ಬಿಚ್ಚುವ ಮೊದಲು ಅದರ ಸುತ್ತ ಒರೆಸಿ, ನೋಡಿ, ಮತ್ತೆ ಒರೆಸುವವನು. ನಿಧಾನವೇ ಪ್ರಧಾನ ಎನ್ನುವುದು ಸರಿಯೇ. ಆದರೆ ನಿಧಾನಿಯೂ ತಪ್ಪು ಮಾಡುತ್ತಾನೆ, ನಿಧಾನವಾಗಿ ಮಾಡುತ್ತಾನೆ, ಅಷ್ಟೆ. ಅವನನ್ನು ಇಲ್ಲಿಗೆ ಸೇರಿಸಿಕೊಳ್ಳಿ ಎಂದು ವಿಮಾನದ ಯಜಮಾನರ ಹತ್ತಿರ ಶಿಫಾರಸು ಮಾಡಿದವನು ನಾನೇ.

ಇವತ್ತು ಎಂಜಿನ್ನಿನ ಮುಚ್ಚಳ ತೆಗೆದ. ಪ್ರೊಪೆಲ್ಲರ್ ಕಳಚಿ, ಅದರ ಹಿಂದೆ ಶಾಫ್ಟ್ ಹೊರಬರುವ ಜಾಗದಲ್ಲಿರುವ ರಬ್ಬರ್ ಸೀಲನ್ನು ತೋರಿಸಿದ. ಅದು ತನ್ನ ಜಾಗ ಬಿಟ್ಟು ಹೊರಗೆ ತಳ್ಳಿಕೊಂಡು ಬಂದಿತ್ತು. ಯಾಕೆ ಹಾಗಾಯಿತು ಎಂದು ಕೇಳಿದೆ. ನೋಡಬೇಕು ಎಂದ. ಸರ್ವೀಸ್ ಮಾಡುವಾಗ ನೋಡಿರಲಿಲ್ಲವೇ ಎಂದೆ. ಆಗ ಚೆನ್ನಾಗಿತ್ತು ಭಾವ ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಸೀಲನ್ನೇ ನೋಡುತ್ತಿದ್ದ.

ತಪ್ಪಿಲ್ಲದವನು ಕಣ್ಣು ತಪ್ಪಿಸುವುದಿಲ್ಲ.

ಫೆಬ್ರವರಿ 6, ಗುರುವಾರ

ಹೊಸ ಸೀಲು ಕೂರಿಸಿದ. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಅವನು ಒರೆಸುವುದನ್ನು, ಅಂಟು ಹಚ್ಚುವುದನ್ನು, ಕಾಯುವುದನ್ನು ಎಲ್ಲ ನೋಡಿದೆ. ತಪ್ಪೇನೂ ಕಾಣಲಿಲ್ಲ. ನಾನು ಕೂತಿದ್ದಕ್ಕೇ ಕಾಣಲಿಲ್ಲವೋ ಏನೋ.

ಎಂಜಿನ್ ಶುರು ಮಾಡಿ ನೋಡಬೇಕಾಯಿತು. ನೀವು ಒಳಗೆ ಕೂತು ಸ್ಟಾರ್ಟ್ ಮಾಡಿ ಭಾವ ಎಂದ. ಮುಂದಿನಿಂದ ನೋಡುವವರೂ ಒಬ್ಬರು ಬೇಕಲ್ಲ, ನೀನೇ ಕೂತ್ಕೋ ಎಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿ ಹೋಗಿ ಕೂತ. ಸ್ವಲ್ಪ ಹೊತ್ತು ಓಡಿಸಿದಾಗ ಒಣಗಿತ್ತು. ಜೋರಾಗಿ, ಜಾಸ್ತಿ ಹೊತ್ತು ಓಡಿಸಿದ ಮೇಲೆ ಸೀಲಿನ ಸುತ್ತ ಮತ್ತೆ ಒದ್ದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎಂದು ತನ್ನಷ್ಟಕ್ಕೇ ಹೇಳಿಕೊಂಡ. ರೋಗ ಬೇರೆ ಎಲ್ಲೋ ಇದೆಯಂತೆ. ಇದು ಅವನಿಗೆ ಈಗ ಹೊಳೆಯಿತೋ ಮೊದಲೇ ಗೊತ್ತಿತ್ತೋ?

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಹೆಂಡತಿ ಪೌಡರ್ ಡಬ್ಬ ಹುಡುಕುತ್ತಿದ್ದಳು. ತಮ್ಮ ಬಂದಿದ್ದ, ಅವನ ಕೈಗೇನಾದರೂ ಕೊಟ್ಟೆನೋ ಏನೋ ಎಂದಳು. ಕೊಟ್ಟೆಯೋ ಇಲ್ಲವೋ ನೆನಪಿಲ್ಲದಷ್ಟು ಮರೆವು ಇವಳಿಗೆ ಯಾವಾಗ ಬಂತು? ನಾನು ಸ್ನಾನಕ್ಕೆ ಹೋಗಿದ್ದಾಗ ಬಂದು ಹೋಗಿದ್ದಾನೆ.

ಶೆಡ್ಡಿಗೆ ಹೋದರೆ ಎಂಜಿನ್ ಮದುಮಗಳ ಹಾಗೆ ಬೆಳ್ಳಗೆ ಪೌಡರ್ ಬಳಿದುಕೊಂಡು ನಿಂತಿತ್ತು. ತೊಳೆದು ಒಣಗಿಸಿ ಪೌಡರ್ ಉದುರಿಸಿ ಓಡಿಸಿದರೆ ಆಯಿಲ್ ಎಲ್ಲಿಂದ ಬರುತ್ತದೋ ಅಲ್ಲಿ ಮಾತ್ರ ಕಲೆ ಎದ್ದು ಕಾಣುತ್ತದೆ. ಕಂಡದ್ದು ಆ ಸೀಲಿನ ಹತ್ತಿರ ಮಾತ್ರ. ಬೇರೆಲ್ಲ ಶುಭ್ರ. ಉಪಾಯ ಒಳ್ಳೆಯದೇ. ಆದರೆ ಕೇಳಿ ತೆಗೆದುಕೊಳ್ಳಬಹುದಿತ್ತು.

ಫೆಬ್ರವರಿ 8, ಶನಿವಾರ

ಮನೆಯಲ್ಲಿ ಗ್ಯಾಸ್ ವಾಸನೆ ಬಂದಂತಾಯಿತು. ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ. ಮತ್ತೊಮ್ಮೆ ಹಚ್ಚಿದೆ. ಹಾಗೇ ಬಗ್ಗಿದ್ದಾಗ ಸಿಂಕಿನ ಕೆಳಗಿನ ಪೈಪು ತೇವ ಅನ್ನಿಸಿ ಸ್ವಲ್ಪ ಬಿಗಿ ಮಾಡಲು ಹೋದೆ. ಅದು ಮುರಿದು ಅಡುಗೆಮನೆಯೆಲ್ಲ ನೀರಾಯಿತು.

"ರೀ, ಪ್ಲೇನು ಮುಗೀತು ಅಂತ ಮನೆ ಬಿಚ್ಚೋಕೆ ಶುರು ಮಾಡಿದ್ರಾ?" ಎಂದಳು. ನಗುತ್ತಲೇ ಹೇಳಿದ್ದು. ಆಮೇಲೆ ನಗಲಿಲ್ಲ. ತಮ್ಮನಿಗೆ ಫೋನ್ ಮಾಡಿ ಕರೆಸಿದಳು. ಅವನು ಬಂದು ಪೈಪು ಸರಿಮಾಡಿದ. ಅಕ್ಕ ತಮ್ಮ ಬಾಗಿಲ ಹತ್ತಿರ ನಿಂತು ಏನೋ ಮಾತಾಡಿಕೊಂಡರು. ನಾನು ಟವೆಲ್ ತರಲು ಹೋದೆ, ಮಾತು ನಿಂತಿತು.

ಫೆಬ್ರವರಿ 10, ಸೋಮವಾರ

ಸ್ಕೂಟರಿನ ಬ್ರೇಕ್ ಯಾಕೋ ಸರಿಯಿಲ್ಲ. ನಡೆದುಕೊಂಡೇ ಶೆಡ್ಡಿಗೆ ಹೋದೆ.

ಇವತ್ತು ಒಂದು ವಿಷಯ ಪತ್ತೆಯಾಯಿತು. ಎಂಜಿನ್ನಿಗೂ ಉಸಿರಾಡಲು ಒಂದು ಕೊಳವೆ ಇದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲನ್ನು ಸಿಕ್ಕಿದ ಕಡೆಯಿಂದ ಹೊರಗೆ ನೂಕುತ್ತದೆ. ಬಾಮೈದ ಕೊಳವೆ ಕಳಚಿ ಊದಿ ನೋಡಿದ. ಕಟ್ಟಿರಲಿಲ್ಲ. ಹಾಗಾದರೆ ಒತ್ತಡ ಎಲ್ಲಿಂದ? ನಾಲ್ಕು ಸಿಲಿಂಡರಿಗೂ ಒಂದೊಂದಾಗಿ ಹೊರಗಿನಿಂದ ಗಾಳಿ ಬಿಟ್ಟ. ಮೂರನೆಯದಕ್ಕೆ ಬಿಟ್ಟಾಗ ನನ್ನನ್ನು ಕರೆದು ಆಯಿಲ್ ತುಂಬುವ ತೂತಿಗೆ ಕಿವಿ ಇಡಿ ಎಂದ. ಇಟ್ಟೆ. ಒಳಗೆ ಯಾರೋ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಂತೆ ಸುಯ್ ಎನ್ನುತ್ತಿತ್ತು. ಅಂದರೆ ಪಿಸ್ಟನ್ನಿನ ರಿಂಗು ಗಾಳಿ ತಡೆಯುತ್ತಿಲ್ಲ. ಸಿಲಿಂಡರಿನ ಬೆಂಕಿಯ ಹೊಗೆ ಪಿಸ್ಟನ್ ದಾಟಿ ಕೆಳಗಿನ ಆಯಿಲ್ ಮನೆಗೆ ನುಗ್ಗುತ್ತಿದೆ. ಅದೇ ಸೀಲನ್ನು ಒದ್ದು ಹೊರಗೆ ಹಾಕಿದ್ದು.

ಸರ್ವೀಸಿನ ದಿನವೂ ಇದೇ ಪರೀಕ್ಷೆ ಮಾಡಿದ್ದನಂತೆ. ಆಗ ಇಷ್ಟಿರಲಿಲ್ಲವಂತೆ. ಅವನು ಹೇಳಿದ್ದನ್ನು ಇಲ್ಲಿ ಹಾಗೇ ಬರೆದಿದ್ದೇನೆ. ನಂಬಿದ್ದೇನೆಂದು ಬರೆದಿಲ್ಲ.

ಫೆಬ್ರವರಿ 12, ಬುಧವಾರ

ಸಿಲಿಂಡರ್ ಕಳಚಿದ. ರಿಂಗು ಎರಡು ತುಂಡು. ಬಿಚ್ಚುವಾಗ ಮುರಿಯಲಿಲ್ಲ ಎನ್ನುವುದಕ್ಕೇನು ಆಧಾರ ಎಂದು ಬಾಯಿಬಿಟ್ಟೇ ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ. ನನ್ನ ಬೆರಳು ಹಿಡಿದು ಸಿಲಿಂಡರಿನ ಒಳಗೋಡೆಯ ಮೇಲೆ ಸವರಿಸಿದ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಮೇಲಿನಿಂದ ಕೆಳಗಿನವರೆಗೂ ಇತ್ತು. ಅದು ಒಂದು ದಿನದಲ್ಲಿ ಆಗುವಂಥದ್ದಲ್ಲ, ನಿಂತಲ್ಲಿ ಆಗುವಂಥದ್ದೂ ಅಲ್ಲ. ಇದನ್ನು ಒಪ್ಪಬೇಕು, ಒಪ್ಪುತ್ತೇನೆ.

ಹೊಸ ಸಿಲಿಂಡರು, ಪಿಸ್ಟನ್ನು, ರಿಂಗು ತರಿಸಬೇಕು. ಬರುವವರೆಗೆ ಕೆಲಸವಿಲ್ಲ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಭಾವ ಎಂದ. ನಾನಿಲ್ಲದಾಗ ಏನು ಮಾಡಬೇಕೆಂದಿದ್ದಾನೆ? ಶೆಡ್ಡಿನಲ್ಲೇ ಕೂತೆ. ಅವನು ಟೀ ತಂದುಕೊಟ್ಟು ಉಳಿದ ಸಿಲಿಂಡರುಗಳ ಮೇಲೆ ಬಟ್ಟೆ ಮುಚ್ಚಿದ.

ಫೆಬ್ರವರಿ 18, ಮಂಗಳವಾರ

ಸಾಮಾನು ನಿನ್ನೆ ಬಂತು. ಪೆಟ್ಟಿಗೆಯ ಅಂಟುಪಟ್ಟಿ ಯಾರೂ ಮುಟ್ಟಿಲ್ಲವೆಂದು ನೋಡಿಯೇ ತೆರೆಯಲು ಬಿಟ್ಟೆ.

ಇಡೀ ದಿನ ಇಬ್ಬರೂ ಸೇರಿ ಕೂರಿಸಿದೆವು. ಸೇರಿ ಅಂದರೆ, ನಾನು ಕಾವಲು ನಿಂತಿದ್ದೆ. ಅವನು ಸುಮ್ಮನೆ ಇದನ್ನು ಹಿಡಿದುಕೊಳ್ಳಿ, ಅದನ್ನು ಕೊಡಿ ಎನ್ನುತ್ತಾ ಕೆಲಸಕ್ಕೆ ಹಚ್ಚಿಬಿಟ್ಟ. ಪಿಸ್ಟನ್ನಿನ ರಿಂಗುಗಳನ್ನು ಅದುಮಿ ಹಿಡಿದು ಸಿಲಿಂಡರಿನೊಳಗೆ ತೂರಿಸುವುದಕ್ಕೆ ಎರಡು ಜೋಡಿ ಕೈ ಬೇಕೇ ಬೇಕು. ಒಳಗೆ ಜಾರಿ ಕೂತಾಗ ಪುಟ್ಟ ಸದ್ದಾಗುತ್ತದೆ, ಡಬ್ಬದ ಮುಚ್ಚಳ ಬಿದ್ದಂತೆ. ನಟ್ಟುಗಳನ್ನು ಎಷ್ಟು ಬಿಗಿಯಬೇಕೋ ಅಷ್ಟಕ್ಕೇ ಟಕ್ಕೆನ್ನುವ ಸ್ಪ್ಯಾನರ್ ಇದೆ. ಪ್ರತಿ ನಟ್ಟನ್ನೂ ಅವನು ಬಿಗಿದ ಮೇಲೆ ನಾನೂ ಒಮ್ಮೆ ಟಕ್ಕೆನ್ನಿಸಿ ನೋಡಿದೆ. ಕೈ ತೊಳೆಯುವಾಗ ಹೊಟ್ಟೆ ಹಸಿದಿರುವುದು ಗೊತ್ತಾಯಿತು.

ಫೆಬ್ರವರಿ 19, ಬುಧವಾರ

ಮುಂದಿನ ಸೀಲನ್ನೂ ಮತ್ತೆ ಹೊಸದು ಹಾಕಿ ಎಂಜಿನ್ ಓಡಿಸಿದ. ಪೌಡರ್ ಹಾಗೇ ಬಿಳಿ. ಎಲ್ಲೂ ಕಲೆಯಿಲ್ಲ.

"ನಾಳೆ ಬೆಳಿಗ್ಗೆ ಹಾರಿಸಿಬಿಡಿ ಭಾವ," ಎಂದ. "ಹೊಸ ರಿಂಗು ನೆಲದ ಮೇಲೆ ಓಡಿಸಿದ್ರೆ ಕೂರಲ್ಲ. ಮೇಲೆ ಹೋಗಿ ಜೋರಾಗಿ ದುಡಿದ್ರೇನೆ ಸಿಲಿಂಡರಿಗೆ ಹೊಂದಿಕೊಳ್ಳೋದು. ಇಲ್ಲೇ ಗುರುಗುಟ್ಟಿಸ್ತಾ ಇದ್ರೆ ಹೊಸದೂ ಹಾಳಾಗುತ್ತೆ."

ಇಷ್ಟು ಅವಸರ ಯಾಕೆ? ಆಮೆ ಎನ್ನಿಸಿಕೊಂಡವನಿಗೆ?

ಫೆಬ್ರವರಿ 20, ಗುರುವಾರ

ಹೊರಡುವ ಮುಂಚೆ ಮೂತಿಯ ಕೆಳಗೆ ಬಗ್ಗಿ ನೋಡಿದೆ. ನೆಲದ ಮೇಲೆ ಒಂದು ಹನಿ ಇತ್ತು.

ಹಾರಿಸಲಿಲ್ಲ.

ಫೆಬ್ರವರಿ 21, ಶುಕ್ರವಾರ

ಅದು ಮುಚ್ಚಳದ ಸಂದಿಯಲ್ಲಿ ಉಳಿದಿದ್ದ ಹಳೆಯ ಆಯಿಲ್, ಅಲ್ಲಾಡಿಸಿದಾಗ ಇಳಿದಿದೆ ಎಂದು ಅವನ ವಾದ. ಸಿಲಿಂಡರಿನ ತಲೆಯ ಮೇಲಿನ ಮುಚ್ಚಳದ ಪ್ಯಾಕಿಂಗ್ ಬೆವರುತ್ತಿದೆ, ಬದಲಾಯಿಸು ಎಂದೆ. ಅವನು ಬೆರಳಿನಿಂದ ಸವರಿ ನೋಡಿ ಬೆರಳನ್ನು ನನಗೆ ತೋರಿಸಿದ. ಬೆರಳು ಒಣಗಿತ್ತು, ಆದರೆ ಅವನ ಬೆರಳನ್ನು ನಾನು ಯಾಕೆ ನಂಬಬೇಕು? ಆಮೇಲೆ ನಾಲ್ಕೂ ಪ್ಯಾಕಿಂಗ್ ಬದಲಾಯಿಸಿದ.

ನಿದ್ದೆ ಸರಿಯಾಗುತ್ತಿಲ್ಲ. ಈ ದಿಂಬು ಸರಿಯಿಲ್ಲ.

ಫೆಬ್ರವರಿ 24, ಸೋಮವಾರ

ಆಯಿಲ್ ಇಳಿಯುವ ಕೊಳವೆಗಳ ರಬ್ಬರ್ ಬದಲಾವಣೆ. ನಾನು ಹೇಳಿದ್ದು, ಅವನು ಮಾಡಿದ್ದು.

ಫೆಬ್ರವರಿ 25, ಮಂಗಳವಾರ

ಆಯಿಲ್ ಒತ್ತಡ ತೋರಿಸುವ ಮುಳ್ಳು ನಡುಗುತ್ತದೆ. ಎಂಜಿನ್ ನಿಂತಿದ್ದಾಗಲೂ ನಡುಗಿತು ಅನ್ನಿಸಿತು. ಬಾಮೈದ ಮೀಟರನ್ನೇ ಕಳಚಿ ಬೇರೆ ಹಾಕಿದ. ಇವನು ಒಮ್ಮೆಯೂ ಆಗಲ್ಲ ಎನ್ನುವುದಿಲ್ಲ. ಹೇಳಿದ್ದಕ್ಕೆಲ್ಲ ಹೂಂಗುಟ್ಟುವವನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

ಫೆಬ್ರವರಿ 26, ಬುಧವಾರ

ಡಾಕ್ಟರಮ್ಮ ಶೆಡ್ಡಿಗೇ ಬಂದರು. ವಿಮಾನ ನಿಂತ ಮೇಲೆ ಅವರು ದೋಣಿಯಲ್ಲಿ ದಾಟಿ, ಅಲ್ಲಿಂದ ಜೀಪು ಹತ್ತಿ ಹೋಗುತ್ತಿದ್ದಾರೆ. ಕಳೆದ ವಾರ ತಲುಪುವಷ್ಟರಲ್ಲಿ ಕತ್ತಲಾಗಿತ್ತಂತೆ. ಹೆರಿಗೆಗೆ ಬಂದ ಒಬ್ಬಳು ಬೆಳಗಿನಿಂದ ನೋವು ತಿನ್ನುತ್ತಾ ಕಾದಿದ್ದಳಂತೆ. ತಾಯಿ ಮಗು ಇಬ್ಬರೂ ಉಳಿದರು, ಆದರೆ ಕೂದಲೆಳೆಯಲ್ಲಿ ಎಂದರು. ದೂರುವ ಧ್ವನಿ ಇರಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಯಾವಾಗ ಹೋಗೋಣ?" ಎಂದು ನನ್ನನ್ನೇ ಕೇಳಿದರು.

ಮೆಕ್ಯಾನಿಕ್ಕನ್ನು ಕೇಳಿ ಎಂದೆ. ಅವರು ಬಾಮೈದನ ಕಡೆ ತಿರುಗಿದರು. ಅವನು ನೆಲ ನೋಡುತ್ತಾ ಇನ್ನೂ ಒಂದು ಸೀಲು ಬಾಕಿ ಇದೆ ಎಂದ.

ಯಾವ ಸೀಲು? ಈ ಎಂಜಿನ್ನಿನಲ್ಲಿ ಬದಲಾಯಿಸದೆ ಉಳಿದ ಸೀಲು ಒಂದೂ ಇಲ್ಲ. ನಾನೇ ಪಕ್ಕದಲ್ಲಿ ಕೂತು ಮಾಡಿಸಿದ್ದೇನೆ. ಅವನು ಡಾಕ್ಟರಮ್ಮನಿಗೆ ಸುಳ್ಳು ಹೇಳಿದ. ಇದರಲ್ಲಿ ಏನೋ ಇದೆ.

ಫೆಬ್ರವರಿ 27, ಗುರುವಾರ

ಇವತ್ತು ಕಿವಿಯಾರೆ ಕೇಳಿದೆ. ಮಧ್ಯಾಹ್ನ ಊಟಕ್ಕೆಂದು ಸ್ವಲ್ಪ ಬೇಗ ಬಂದೆ. ಅಡುಗೆಮನೆಯಲ್ಲಿ ಅಕ್ಕ ತಮ್ಮ ಮಾತಾಡುತ್ತಿದ್ದರು. ಚಪ್ಪಲಿ ಕಳಚಿ ಅಲ್ಲೇ ನಿಂತೆ.

"ಇನ್ನೂ ಎಷ್ಟು ದಿನ ಅಂತ ಬಿಚ್ತಾ ಇರ್ತೀಯೋ?" ಇದು ಇವಳು.

"ಆಗೋವರೆಗೂ ಬಿಚ್ತೀನಿ ಅಕ್ಕ."

"ಯಜಮಾನರು ಬಿಡಬೇಕಲ್ಲ."

"ಅವರಿಗೆ ನಾನು ಹೇಳ್ಕೋತೀನಿ. ಭಾವಂಗೆ ಮಾತ್ರ ನೀನು ಏನೂ ಹೇಳಬೇಡ."

ನಾನು ಒಳಗೆ ಹೋದೆ. ಇವಳು ಬಡಿಸುವ ಚಮಚ ಎಲ್ಲಿಟ್ಟೆನೆಂದು ಹುಡುಕತೊಡಗಿದಳು. ಚಮಚ ಅವಳ ಕೈಯಲ್ಲೇ ಇತ್ತು.

ಹಾಗಾದರೆ ನನ್ನ ಅನುಮಾನ ಸುಳ್ಳಲ್ಲ. ಕೆಲಸವನ್ನು ಬೇಕೆಂದೇ ಎಳೆಯುತ್ತಿದ್ದಾನೆ. ಇವಳಿಗೂ ಗೊತ್ತಿದೆ. ಯಾಕೆ? ನನ್ನನ್ನು ಈ ಕೆಲಸದಿಂದ ಬಿಡಿಸಿ ಮನೆಯಲ್ಲಿ ಕೂರಿಸಲಿಕ್ಕೋ? ಅಥವಾ ಸರ್ವೀಸಿನಲ್ಲಿ ಆದ ತಪ್ಪು ಹೊರಬೀಳದಿರಲಿ ಎಂದೋ? ಕೈಹಿಡಿದವಳು, ಅವಳ ಒಡಹುಟ್ಟಿದವನು. ಇನ್ನು ಹೊರಗಿನವರ ಮಾತೇನು?

ಮಾರ್ಚ್ 1, ಶನಿವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ ಎಂಜಿನ್ನಿನ ಸುತ್ತ, ಕೆಳಗೆ, ಸಂದಿಗೊಂದಿಯಲ್ಲೆಲ್ಲ ಬಿಳಿ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಬಿಳಿಯಾಗಿಯೇ ಇತ್ತು.

ಆಮೇಲೆ ಯಜಮಾನರು ಬಂದರು, ಜೊತೆಗೆ ಒಬ್ಬ ಹೊಸ ಪೈಲಟ್. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಅಂಗಿ. ಯಜಮಾನರು ನನ್ನ ಕಡೆ ನೋಡದೆ ಬಾಮೈದನನ್ನು ಕೇಳಿದರು: ಸೋಮವಾರ ಇವರು ಹಾರಿಸಿ ನೋಡಬಹುದೋ? ಬಾಮೈದ ಇಲ್ಲ ಎಂದ. ಎಂಜಿನ್ ಇನ್ನೂ ಸರಿಯಾಗಿಲ್ಲ, ಹಾರಬಹುದು ಅಂತ ನಾನು ಸಹಿ ಹಾಕಲ್ಲ ಎಂದ. ಯಜಮಾನರ ಮುಖ ಕೆಂಪಾಯಿತು. ಒಂದು ತಿಂಗಳಿಂದ ಇದೇ ರಾಗ, ಸೋಮವಾರ ಬೇರೆ ಮೆಕ್ಯಾನಿಕ್ಕನ್ನು ಕರೆಸುತ್ತೇನೆ, ಅವನು ಸರಿಯಿದೆ ಅಂದರೆ ನೀನು ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಡು ಎಂದರು. ಸರಿ ಸಾರ್ ಎಂದ. ಅಷ್ಟೇ. ಅವರು ಹೊರಟುಹೋದರು.

ನಾನು ಬಿಳಿ ಬಟ್ಟೆಯನ್ನು ಅವನ ಮುಂದೆ ಹಿಡಿದೆ.

"ಎಂಜಿನ್ ಒಣಗಿದೆ. ಅವರಿಗೆ ಸುಳ್ಳು ಯಾಕೆ ಹೇಳ್ದೆ?"

"ಹೌದು, ಹೇಳ್ದೆ."

"ಯಾವಾಗಿಂದ ರೆಡಿ ಇದೆ ಇದು?"

"ಸಿಲಿಂಡರ್ ಕೂರಿಸಿ ಓಡಿಸಿದ್ವಲ್ಲ, ಅವತ್ತಿಂದ."

"ಆಮೇಲೆ ಬಿಚ್ಚಿದ್ದು? ಪ್ಯಾಕಿಂಗು, ರಬ್ಬರು, ಮೀಟರು?"

"ಎಲ್ಲ ಚೆನ್ನಾಗೇ ಇದ್ವು ಭಾವ. ನೀವು ಬಿಚ್ಚು ಅಂದ್ರಿ, ಬಿಚ್ಚಿದೆ. ಬಿಚ್ಚೋಕೆ ಇನ್ನೇನೂ ಉಳಿದಿಲ್ಲ ಅಂತ ನಾನೇ ಹೇಗೆ ಹೇಳ್ಲಿ?"

ಅವನು ಸ್ಟೂಲ್ ಎಳೆದು ನನ್ನನ್ನು ಕೂರಿಸಿದ. ನಾನು ನೆಟ್ಟಗೇ ನಿಂತಿದ್ದೇನೆ ಎಂದುಕೊಂಡಿದ್ದೆ. ವಿಮಾನದ ರೆಕ್ಕೆ ಹಿಡಿದುಕೊಂಡಿದ್ದೆನಂತೆ.

"ಆ ಹುಡುಗ ಒಂದು ಸಲ ಹಾರಿಸಿದ್ರೆ ಈ ಸೀಟು ಅವನದೇ," ಎಂದ. "ನಾಳೆ ಭಾನುವಾರ. ಯಾರೂ ಇರಲ್ಲ. ನಾನು ಸಹಿ ಹಾಕ್ತೀನಿ, ನೀವು ಹಾರಿಸಿ. ನನ್ನ ಕೆಲಸದ ಮೇಲೆ ಅನುಮಾನ ಇದ್ರೆ ಇರ್ಲಿ. ನಾನೇ ಪಕ್ಕದಲ್ಲಿ ಕೂತು ಬರ್ತೀನಿ."

ಇನ್ನೊಂದು ಮಾತು ಸೇರಿಸಿದ.

"ಆದ್ರೆ ಭಾವ, ನನಗೆ ಎತ್ತರ ಅಂದ್ರೆ ಆಗಲ್ಲ. ಕಣ್ಣು ಕತ್ತಲೆ ಬರುತ್ತೆ. ಅದಕ್ಕೇ ಇಷ್ಟು ವರ್ಷ ಯಾರ ಜೊತೆಗೂ ಮೇಲೆ ಹೋಗಿಲ್ಲ. ನೀವು ಸ್ವಲ್ಪ ಮಾತಾಡ್ತಾ ಇರಬೇಕು. ಮಾತು ನಿಲ್ಲಿಸಿದ್ರೆ ನಾನು ಹೋದೆ."

ವಿಮಾನದ ಮೆಕ್ಯಾನಿಕ್ ವಿಮಾನ ಹತ್ತಿಲ್ಲವಂತೆ. ಯೋಚಿಸಿದರೆ ಹೌದು, ನಾನಂತೂ ಅವನನ್ನು ಮೇಲೆ ನೋಡಿಲ್ಲ. ಆಗಲಿ ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಮಾರ್ಚ್ 2, ಭಾನುವಾರ

ಹೋಗಿ ಬಂದೆವು.

ಬೆಳಿಗ್ಗೆ ಹೆಂಡತಿ ಏನೂ ಕೇಳಲಿಲ್ಲ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದೆನೆಂದು ಬಿಚ್ಚಿ ಸರಿಯಾಗಿ ಹಾಕಿದಳು. ಇವಳಿಗೆ ಎಲ್ಲ ಗೊತ್ತಿತ್ತು, ಅದರಲ್ಲಿ ಅನುಮಾನವೇ ಇಲ್ಲ.

ಎಂಜಿನ್ ಸುತ್ತ ನಾನು ತಿರುಗಿದ್ದು ಎಷ್ಟು ಸಲವೋ. ಬಾಮೈದ ಅವಸರಪಡಿಸಲಿಲ್ಲ. ಕೊನೆಗೆ ಹತ್ತಿ ಕೂತೆವು. ಅವನು ಬೆಲ್ಟ್ ಬಿಗಿದುಕೊಂಡು ಆಗಲೇ ಕಣ್ಣು ಮುಚ್ಚಿದ. ರನ್‌ವೇ ತುದಿಯಲ್ಲಿ ನಿಂತು ಎಂಜಿನ್ನಿನ ವೇಗ ಏರಿಸಿದೆ. ಇಳಿದುಬಿಡೋಣ, ಮುಂದಿನ ಸೀಲು ಇನ್ನೊಮ್ಮೆ ನೋಡಿಬಿಡೋಣ ಎಂದು ಹೇಳಲು ತಿರುಗಿದೆ. ಅಷ್ಟರಲ್ಲಿ ಅವನೇ "ಭಾವ, ಮಾತಾಡಿ, ನನಗೆ ಆಗ್ತಿಲ್ಲ," ಎಂದ. ಗಂಡಸು, ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಾನೆ. ಏನು ಮಾಡುವುದು? ಇದೇನೂ ಅಲ್ಲ ಕಣೋ, ಈಗ ಬ್ರೇಕ್ ಬಿಡ್ತೀನಿ, ಸ್ವಲ್ಪ ಕುಲುಕುತ್ತೆ, ಆಮೇಲೆ ನುಣ್ಣಗಾಗುತ್ತೆ ಎಂದೆ. ಹೇಳುತ್ತಿದ್ದಂತೆ ಬಿಟ್ಟೂಬಿಟ್ಟಿದ್ದೆ. ಕುಲುಕಿತು. ನುಣ್ಣಗಾಯಿತು.

ಆಮೇಲೆ ಸುಮ್ಮನಿರಲು ಬಿಟ್ಟರೆ ತಾನೇ? ಈ ಸದ್ದೇನು, ಈಗ್ಯಾಕೆ ವಾಲಿತು, ಕೆಳಗೆ ನೀರು ಬಂತಾ, ಬಂದರೆ ಹೇಳಿ, ಬೇಡ, ಹೇಳಬೇಡಿ. ಚಿಕ್ಕ ಮಕ್ಕಳಿಗಿಂತ ಕಡೆ. ಇದು ಗಾಳಿ, ಇದು ರೆಕ್ಕೆಯ ಪಟ್ಟಿ ಮೇಲೆ ಬಂದ ಸದ್ದು, ಈಗ ಎಡಕ್ಕೆ ತಿರುಗುತ್ತೇನೆ, ನೀನು ಬಲಗಡೆ ಒರಗಿಕೋ ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಸರೋವರದ ಮೇಲೆ ಬೆಳಗಿನ ದೋಣಿ ಹೊರಟಿತ್ತು, ಹಿಂದೆ ಬಿಳಿಯ ಗೆರೆ ಎಳೆದುಕೊಂಡು. ಕಣ್ಣು ಬಿಟ್ಟು ನೋಡು, ಡಾಕ್ಟರಮ್ಮ ಪಾಪ ಅದರಲ್ಲೇ ಹೋಗುವುದು ಎಂದೆ. ಅವನು ಒಂದು ಕಣ್ಣು ಬಿಟ್ಟು ನೋಡಿ ಮುಚ್ಚಿದ. ಹೊಸ ರಿಂಗಿಗೆ ದುಡಿಮೆ ಬೇಕೆಂದು ಹೇಳಿದ್ದನಲ್ಲ, ಎಂಜಿನ್ನಿನ ವೇಗ ಇಳಿಸದೆ ಆಚೆ ದಡದವರೆಗೂ ಹೋದೆ. ಆಸ್ಪತ್ರೆಯ ಬಿಳಿ ಛಾವಣಿಯ ಮೇಲೆ ಒಂದು ಸುತ್ತು ಹಾಕಿದೆ. ಅಂಗಳದಲ್ಲಿ ಒಬ್ಬಳು ಬಟ್ಟೆ ಒಣಹಾಕುತ್ತಿದ್ದವಳು ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಅದನ್ನೂ ಅವನಿಗೆ ಹೇಳಿದೆ.

ಇಳಿಸಿದೆ. ಮೂತಿಯ ಕೆಳಗೆ ಬಗ್ಗಿ ಬಟ್ಟೆ ಹಾಕಿ ಒರೆಸಿದೆ. ಒಣ.

ಆದರೆ ಒಂದು ಮಾತು ಇಲ್ಲಿ ಬರೆಯಲೇಬೇಕು. ಇವನನ್ನು ಸಮಾಧಾನ ಮಾಡುವ ಗಲಾಟೆಯಲ್ಲಿ ಎಂಜಿನ್ನಿಗೆ ಕಿವಿಗೊಡಲು ಪುರುಸೊತ್ತೇ ಆಗಲಿಲ್ಲ. ಆಯಿಲ್ ಮುಳ್ಳನ್ನು ನಿಮಿಷಕ್ಕೊಮ್ಮೆ ನೋಡಬೇಕೆಂದುಕೊಂಡಿದ್ದೆ, ಯಾವಾಗ ನೋಡಿದೆನೋ ನೆನಪೇ ಇಲ್ಲ. ಪರೀಕ್ಷೆಗೆ ಹೋಗುವಾಗ ಹೆದರುಪುಕ್ಕಲನ್ನು ಕೂರಿಸಿಕೊಳ್ಳಬಾರದು.

ಇನ್ನೊಂದು. ಇಳಿದ ಮೇಲೆ ಅವನ ಕೈ ಕುಲುಕಿದೆ. ಅಷ್ಟು ಹೆದರಿದವನ ಅಂಗೈಯಲ್ಲಿ ಒಂದು ಹನಿ ಬೆವರಿಲ್ಲ. ನನ್ನದೇ ಒದ್ದೆಯಾಗಿತ್ತು.

ಮಾರ್ಚ್ 3, ಸೋಮವಾರ

ಬೇರೆ ಮೆಕ್ಯಾನಿಕ್ ಬಂದ. ಮುಚ್ಚಳ ತೆಗೆದು ನೋಡಿ, ಕೆಲಸ ಬಲು ಅಚ್ಚುಕಟ್ಟು, ಹೇಳುವಂಥದ್ದೇನೂ ಇಲ್ಲ ಎಂದ. ಯಜಮಾನರು ಬಾಮೈದನ ಕಡೆ ತಿರುಗಿದರು. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ಅವನು ಇಲ್ಲ ಅಂದದ್ದು ನನ್ನ ಸಲುವಾಗಿ, ತಡವಾದದ್ದು ನನ್ನಿಂದ, ನಿನ್ನೆ ಹಾರಿಸಿ ನೋಡಿದ್ದೇನೆ, ಗುರುವಾರ ಡಾಕ್ಟರಮ್ಮನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಯಜಮಾನರು ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. ಕಪ್ಪು ಕನ್ನಡಕದವನಿಗೆ ಟೀ ಕುಡಿಸಿ ಕಳಿಸಿದರು. ಟೂಲ್‌ಬಾಕ್ಸಿನ ಮಾತು ಯಾರೂ ಎತ್ತಲಿಲ್ಲ.

ಬರುವಾಗ ಬಾಮೈದನ ಸ್ಕೂಟರಿನ ಹಿಂದೆ ಕೂತು ಬಂದೆ. ಬಲು ನಿಧಾನ ಓಡಿಸುತ್ತಾನೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಡಾಕ್ಟರಮ್ಮ ಬೇಗನೆ ಬಂದು ಔಷಧಿಯ ಪೆಟ್ಟಿಗೆಗಳನ್ನು ಹಿಂದಿನ ಸೀಟಿನಲ್ಲಿ ಇಡಿಸಿದರು. ಇನ್ನೂ ಒಂದು ಸೀಟು ಖಾಲಿ ಇತ್ತು. ಬಾಮೈದನನ್ನು ಕರೆದುಕೊಂಡು ಹೋಗೋಣವೆಂದು ಶೆಡ್ಡಿನೊಳಗೆ ಹುಡುಕಿದೆ. ಕಾಣಲಿಲ್ಲ. ನೀನೂ ಬಾರೋ ಎಂದು ಕೂಗಿದೆ.

"ಅಯ್ಯೋ ಬೇಡ ಭಾವ, ನನಗೆ ತಲೆ ಸುತ್ತುತ್ತೆ," ಎಂದು ಮೇಲಿನಿಂದ ಉತ್ತರ ಬಂತು. ಕತ್ತೆತ್ತಿ ನೋಡಿದೆ. ಛಾವಣಿಯ ತೊಲೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ದೀಪ ಬದಲಾಯಿಸುತ್ತಿದ್ದ. ಏಣಿ ಕೂಡ ಅಲ್ಲಿರಲಿಲ್ಲ.

ನಾನು ಅವನನ್ನು ನೋಡಿದೆ. ಅವನು ದೀಪವನ್ನು ನೋಡುತ್ತಿದ್ದ.

ಡಾಕ್ಟರಮ್ಮ ಆಗಲೇ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಹೊರಟೆ.